ತುಘಲಕ್ ದರ್ಬಾರು: ಬೈಗುಳವಾದ ಹೆಸರೊಂದರ ಅರ್ಥ, ಬಳಕೆ ಮತ್ತು ಕಲಬುರಗಿಯ ನಂಟು

ಮೂವತ್ತು ವರ್ಷದಿಂದ ಒಂದೇ ಜಾಗದಲ್ಲಿ ಕೂಡುತ್ತಿದ್ದ ಸಂತೆಯನ್ನು ರಾತ್ರೋರಾತ್ರಿ ಊರಾಚೆಗೆ ಎತ್ತಿಸಿದರು ಅನ್ನಿ. ಅಲ್ಲಿ ನೀರಿಲ್ಲ, ನೆರಳಿಲ್ಲ, ಬಸ್ಸಿಲ್ಲ. ಎಂಟು ದಿನ ಕಳೆದ ಮೇಲೆ "ಹಳೇ ಜಾಗಕ್ಕೇ ಕೂಡ್ರಿ" ಎಂಬ ಇನ್ನೊಂದು ಹುಕುಂ ಬರುತ್ತದೆ. ಕಲಬುರಗಿ, ಬೀದರ್, ಯಾದಗಿರಿ ಕಡೆ ಆಗ ಚಹಾದಂಗಡಿಯಲ್ಲಿ ಏಳುವ ಮಾತು ಒಂದೇ: "ಏನ್ ತುಘಲಕ್ ದರ್ಬಾರ ನಡದದರೀ ಇದು!" ಮರುದಿನ ಪತ್ರಿಕೆಯ ತಲೆಬರಹದಲ್ಲೂ ಅದೇ ಪದ.

ಪದ ಎಲ್ಲರಿಗೂ ಗೊತ್ತು. ಆದರೆ ಅದರ ಅರ್ಥ ಕೇಳಿದರೆ ಒಬ್ಬರು "ಹುಚ್ಚು ಆಡಳಿತ" ಅನ್ನುತ್ತಾರೆ, ಇನ್ನೊಬ್ಬರು "ದಬ್ಬಾಳಿಕೆ" ಅನ್ನುತ್ತಾರೆ, ಮತ್ತೊಬ್ಬರು "ದುಂದುಗಾರಿಕೆ" ಅನ್ನುತ್ತಾರೆ. ಮೂರೂ ಪೂರ್ತಿ ಸರಿಯಲ್ಲ. ಈ ಪದದ ಹಿಂದಿನ ಘಟನೆಗಳಲ್ಲಿ ಅರ್ಧದಷ್ಟು ನಮ್ಮ ಸಗರನಾಡಿನಲ್ಲಿ, ಬೀದರ್ ಕೋಟೆಯಲ್ಲಿ, ಕಲಬುರಗಿಯಲ್ಲಿ ನಡೆದವು ಎಂಬುದಂತೂ ಇಲ್ಲಿಯವರಿಗೇ ಮರೆತುಹೋಗಿದೆ.

ಪದದ ತಿರುಳು

ತುಘಲಕ್ ದರ್ಬಾರು ಎಂದರೆ, ಅಧಿಕಾರ ಇರುವವರ ನಡೆ ನಾಳೆ ಹೇಗಿರುತ್ತದೆ ಎಂದು ಕೆಳಗಿರುವವರಿಗೆ ಅಂದಾಜೇ ಸಿಗದ ಸ್ಥಿತಿ. ಇದರೊಳಗೆ ನಾಲ್ಕು ಸಂಗತಿ ಸೇರಿಕೊಂಡಿವೆ. ಹುಕುಂ ಹಠಾತ್ತಾಗಿ ಬರುತ್ತದೆ. ಅದನ್ನು ಜಾರಿ ಮಾಡಲು ಬೇಕಾದ ಸಿದ್ಧತೆ ಆಗಿರುವುದಿಲ್ಲ. ತಪ್ಪಿದವರಿಗೆ ಶಿಕ್ಷೆ ಮಾತ್ರ ಬಿಗಿಯಾಗಿರುತ್ತದೆ. ಕೊನೆಗೆ, ಬಂದಷ್ಟೇ ಹಠಾತ್ತಾಗಿ ಆ ಹುಕುಂ ತಿರುಗಿಬಿಡುತ್ತದೆ.

ನಾಲ್ಕನೆಯದನ್ನು ಜನ ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕಠಿಣವಾದ, ಆದರೆ ಬದಲಾಗದ ನಿಯಮಕ್ಕೆ ಮನುಷ್ಯ ಹೊಂದಿಕೊಳ್ಳುತ್ತಾನೆ. ತೊಗರಿಗೆ ಇಂತಿಷ್ಟೇ ಬೆಲೆ ಎಂದು ಮೊದಲೇ ಗೊತ್ತಿದ್ದರೆ ರೈತ ಬೈದುಕೊಂಡಾದರೂ ಲೆಕ್ಕ ಹಾಕಿ ಬಿತ್ತುತ್ತಾನೆ. ಬಿತ್ತುವಾಗ ಒಂದು ಮಾತು, ರಾಶಿ ಮಾಡುವಾಗ ಇನ್ನೊಂದು ಮಾತು ಆದರೆ ಯಾವ ಲೆಕ್ಕವೂ ಕೂಡುವುದಿಲ್ಲ. ದಬ್ಬಾಳಿಕೆಗೂ ತುಘಲಕ್ ದರ್ಬಾರಿಗೂ ಇರುವ ಅಂತರ ಇದೇ.

ಹೆಸರು ಅಪ್ಪನದು, ಅಪವಾದ ಮಗನದು

ದೆಹಲಿಯಲ್ಲಿ 1320ರಲ್ಲಿ ಗದ್ದುಗೆ ಏರಿದವನು ಘಾಜಿ ಮಲಿಕ್. ಅವನ ಸ್ವಂತ ಹೆಸರು ತುಘಲಕ್. ಪಟ್ಟದ ಹೆಸರು ಘಿಯಾಸುದ್ದೀನ್. ದೆಹಲಿಯ ತುಘಲಕಾಬಾದ್ ಕೋಟೆ ಕಟ್ಟಿಸಿದವನು ಇವನೇ. ಐದು ವರ್ಷ ಆಳಿದ. 1325ರಲ್ಲಿ ಇವನ ಮಗ ಮಹಮ್ಮದ್ ಪಟ್ಟಕ್ಕೆ ಬಂದು, 1351ರಲ್ಲಿ ಸಿಂಧ್‌ನ ಥಟ್ಟಾ ಸಮೀಪ ದಂಡಿನಲ್ಲಿರುವಾಗಲೇ ಸತ್ತ. "ಮಹಮ್ಮದ್ ಬಿನ್ ತುಘಲಕ್" ಎಂದರೆ "ತುಘಲಕನ ಮಗ ಮಹಮ್ಮದ್" ಎಂದಷ್ಟೇ ಅರ್ಥ. ಅಂದರೆ ನಾವು ಮಗ ಮಾಡಿದ್ದಕ್ಕೆ ಅಪ್ಪನ ಹೆಸರು ಹಿಡಿದು ಬೈಯುತ್ತಿದ್ದೇವೆ. ಮಹಮ್ಮದನ ನಂತರ ಬಂದ ಫಿರೋಜ್ ಷಾ ಸಹ ತುಘಲಕನೇ. ಅವನು 1388ರವರೆಗೆ ಕಾಲುವೆ ತೋಡಿಸುತ್ತಾ ಹೆಚ್ಚು ಗದ್ದಲವಿಲ್ಲದೆ ಆಳಿದ. ಅವನ ಕಾಲಕ್ಕೆ ಈ ಪದ ಹೊಂದುವುದೇ ಇಲ್ಲ.

ಮಹಮ್ಮದ್ ಮೂರ್ಖನಾಗಿರಲಿಲ್ಲ. ತರ್ಕ, ಗಣಿತ, ವೈದ್ಯ, ಪಾರಸಿ ಕಾವ್ಯ ಎಲ್ಲದರಲ್ಲೂ ಪಳಗಿದವನು ಎಂದು ಅವನನ್ನು ದ್ವೇಷಿಸಿದವರೇ ಬರೆದಿದ್ದಾರೆ. ಅವನ ಆಸ್ಥಾನದಲ್ಲಿ ಹದಿನೇಳು ವರ್ಷ ಇದ್ದ ಇತಿಹಾಸಕಾರ ಜಿಯಾವುದ್ದೀನ್ ಬರನಿ, ಒಂದಕ್ಕೊಂದು ಕೂಡದ ಗುಣಗಳು ಒಬ್ಬನಲ್ಲೇ ಸೇರಿದ್ದನ್ನು ಕಂಡು ದಿಕ್ಕುಗಾಣದವನಂತೆ ಬರೆಯುತ್ತಾನೆ. 1334ರ ಸುಮಾರಿಗೆ ದೆಹಲಿಗೆ ಬಂದ ಮೊರಾಕೊ ದೇಶದ ಪ್ರವಾಸಿ ಇಬ್ನ್ ಬತೂತಾ ಅದನ್ನೇ ನೇರವಾಗಿ ಹೇಳಿದ: ಕೊಡುವುದರಲ್ಲಿಯೂ ರಕ್ತ ಹರಿಸುವುದರಲ್ಲಿಯೂ ಇವನನ್ನು ಮೀರಿಸಿದವರಿಲ್ಲ, ಇವನ ಬಾಗಿಲಲ್ಲಿ ಯಾವತ್ತೂ ಒಬ್ಬ ಬಡವ ಶ್ರೀಮಂತನಾಗುತ್ತಿರುತ್ತಾನೆ, ಇಲ್ಲವೇ ಬದುಕಿದ್ದವನೊಬ್ಬ ಹೆಣವಾಗುತ್ತಿರುತ್ತಾನೆ. ಬಾಗಿಲ ಮುಂದೆ ನಿಂತವನಿಗೆ ತನ್ನ ಪಾಲಿಗೆ ಯಾವುದು ಬರುತ್ತದೆಂದು ತಿಳಿಯದು. ಪದದ ಬೇರು ಇರುವುದು ಇಲ್ಲಿ.

ತಾಮ್ರದ ನಾಣ್ಯ: ಎಲ್ಲಿ ತಪ್ಪಿತು

ಬೆಳ್ಳಿಯ ಟಂಕ ಆಗಿನ ಮುಖ್ಯ ನಾಣ್ಯ. 1329–30ರ ಹೊತ್ತಿಗೆ ಸುಲ್ತಾನ ತಾಮ್ರ ಮತ್ತು ಹಿತ್ತಾಳೆಯ ನಾಣ್ಯ ಹೊರಡಿಸಿ, ಇದನ್ನು ಬೆಳ್ಳಿ ಟಂಕಕ್ಕೆ ಸಮ ಎಂದು ತೆಗೆದುಕೊಳ್ಳಬೇಕು ಎಂದ. ನಾಣ್ಯದ ಮೇಲೆಯೇ "ಸುಲ್ತಾನನ ಮಾತು ಕೇಳಿದವನು ದೇವರ ಮಾತು ಕೇಳಿದಂತೆ" ಎಂಬ ಅರ್ಥದ ಬರಹ ಮುದ್ರಿಸಲಾಯಿತು. ಬೆಳ್ಳಿ ಮಾಡಬೇಕಾದ ಕೆಲಸವನ್ನು ಭಕ್ತಿಯಿಂದ ಮಾಡಿಸಲು ನೋಡಿದ್ದು ಅಲ್ಲೇ ಕಾಣುತ್ತದೆ.

ಇಂಥ ಹಣಕ್ಕೆ ಸಾಂಕೇತಿಕ ನಾಣ್ಯ ಎನ್ನುತ್ತಾರೆ: ಲೋಹದ ಬೆಲೆ ಒಂದು, ಮೇಲೆ ಬರೆದ ಬೆಲೆ ಇನ್ನೊಂದು. ಕಲ್ಪನೆ ಕೆಟ್ಟದ್ದಲ್ಲ. ನಮ್ಮ ಕಿಸೆಯಲ್ಲಿರುವ ಹತ್ತು ರೂಪಾಯಿಯ ನಾಣ್ಯವೂ ಅದೇ ಜಾತಿಯದು, 7.71 ಗ್ರಾಂ ಲೋಹಕ್ಕಾಗಿ ಯಾರೂ ಅದನ್ನು ತೆಗೆದುಕೊಳ್ಳುವುದಿಲ್ಲ, ಅದರ ಹಿಂದಿನ ಭರವಸೆಗಾಗಿ ತೆಗೆದುಕೊಳ್ಳುತ್ತಾರೆ. ಆ ಭರವಸೆ ಸ್ವಲ್ಪ ಅಲುಗಾಡಿದರೆ ಏನಾಗುತ್ತದೆ ಎಂಬುದು ನಮ್ಮ ಕಡೆಯ ಕಿರಾಣಿ ಅಂಗಡಿಗಳಲ್ಲಿ ಗೊತ್ತೇ ಇದೆ. ಹತ್ತರ ನಾಣ್ಯ "ನಡಿಯಲ್ಲ" ಎಂಬ ಗಾಳಿಮಾತಿಗೆ ಅಂಗಡಿಯವರು ಕೈ ಹಿಂದೆ ಸರಿಸಿದರು. ಹದಿನಾಲ್ಕು ವಿನ್ಯಾಸಗಳೂ ಚಲಾವಣೆಯಲ್ಲಿವೆ ಎಂದು ರಿಸರ್ವ್ ಬ್ಯಾಂಕ್ 2018ರಲ್ಲಿ ಹೇಳಿಕೆ ಹೊರಡಿಸಿ ಸ್ಪಷ್ಟಪಡಿಸಬೇಕಾಯಿತು.

ಚೀನಾದಲ್ಲಿ ಕುಬ್ಲಾಯ್ ಖಾನ್ 1260ರಲ್ಲೇ ಕಾಗದದ ಹಣ ತಂದಿದ್ದ. ಅದು ದಶಕಗಟ್ಟಲೆ ನಡೆಯಿತು. ಅದಕ್ಕೆ ಬೇರೆ ಯಾರಿಗೂ ಸುಲಭವಾಗಿ ಸಿಗದ ಕಾಗದ, ಅಚ್ಚು, ಮುದ್ರೆ ಇದ್ದವು. ಖೋಟಾ ಮಾಡಿದವನಿಗೆ ಮರಣದಂಡನೆ ಇತ್ತು. ಇರಾನಿನಲ್ಲಿ 1294ರಲ್ಲಿ ಅದನ್ನೇ ನಕಲು ಮಾಡಲು ಹೋಗಿ ತಬ್ರೀಜ್ ನಗರದ ಬಜಾರು ಮುಚ್ಚಿತು. ಕೆಲವೇ ವಾರಗಳಲ್ಲಿ ಯೋಜನೆ ಬಿಟ್ಟರು. ಎರಡೂ ಉದಾಹರಣೆ ದೆಹಲಿಯ ಕಣ್ಣೆದುರಿಗಿದ್ದವು.

ಮಹಮ್ಮದನ ನಾಣ್ಯದ ದೋಷ ತಾಂತ್ರಿಕವಾದದ್ದು. ತಾಮ್ರ, ಹಿತ್ತಾಳೆ ಎಲ್ಲ ಮನೆಯಲ್ಲೂ ಪಾತ್ರೆಯಾಗಿ ಇರುವ ಲೋಹ. ನಾಣ್ಯದ ಅಚ್ಚಿನಲ್ಲಿ ಅಕ್ಕಸಾಲಿ ನಕಲು ಮಾಡಲಾಗದಂಥ ಗುರುತು ಯಾವುದೂ ಇರಲಿಲ್ಲ. ಸರ್ಕಾರಿ ಟಂಕಸಾಲೆಯ ನಾಣ್ಯವನ್ನೂ ಓಣಿಯ ನಾಣ್ಯವನ್ನೂ ಬೇರೆ ಮಾಡಿ ನೋಡುವ ವ್ಯವಸ್ಥೆಯೂ ಇರಲಿಲ್ಲ. ಮನೆಮನೆಯೂ ಟಂಕಸಾಲೆಯಾಯಿತು ಎಂಬುದು ಬರನಿಯ ದೂರು. ಜನ ಕಂದಾಯವನ್ನು ತಾಮ್ರದಲ್ಲಿ ಕಟ್ಟಿ, ಬೆಳ್ಳಿಯನ್ನು ನೆಲದಲ್ಲಿ ಹೂತರು. ಪರದೇಶದ ವ್ಯಾಪಾರಿಗಳು ಇಲ್ಲಿ ಸರಕು ಕೊಳ್ಳುವಾಗ ತಾಮ್ರ ಕೊಟ್ಟರು, ಮಾರುವಾಗ ಬೆಳ್ಳಿಯನ್ನೇ ಕೇಳಿದರು.

ಸುಮಾರು ಮೂರು ವರ್ಷಕ್ಕೆ ಇನ್ನೊಂದು ಹುಕುಂ ಬಂತು: ತಾಮ್ರ ತಂದುಕೊಡಿ, ಖಜಾನೆಯಿಂದ ಬೆಳ್ಳಿ ಒಯ್ಯಿರಿ. ಖೋಟಾ ಯಾವುದು, ಖರೇ ಯಾವುದು ಎಂದು ಬೇರೆ ಮಾಡಲು ಬಾರದ ಕಾರಣ ಎಲ್ಲದಕ್ಕೂ ಬೆಳ್ಳಿ ತೂಗಿಕೊಡಬೇಕಾಯಿತು. ತುಘಲಕಾಬಾದಿನಲ್ಲಿ ತಾಮ್ರದ ನಾಣ್ಯ ಗುಡ್ಡದಂತೆ ಬಿತ್ತು. ನಕಲು ಮಾಡಿದವನಿಗೆ ಲಾಭ, ಮೊದಲ ಹುಕುಂ ನಂಬಿ ನಿಯತ್ತಿನಿಂದ ಬೆಳ್ಳಿ ಒಪ್ಪಿಸಿದವನಿಗೆ ನಷ್ಟ. ಹೀಗಾದ ಮೇಲೆ ಮುಂದಿನ ಹುಕುಂ ಯಾರು ನಂಬುತ್ತಾರೆ?

ದೌಲತಾಬಾದಿಗೆ ನಲವತ್ತು ದಿನ

1327ರಲ್ಲಿ ರಾಜಧಾನಿಯನ್ನು ದೆಹಲಿಯಿಂದ ದೇವಗಿರಿಗೆ ಸಾಗಿಸಿ, ಅದಕ್ಕೆ ದೌಲತಾಬಾದ್ ಎಂದು ಹೆಸರಿಟ್ಟ. ಈಗಿನ ಮಹಾರಾಷ್ಟ್ರದ ಆ ಕೋಟೆ ಬೀದರ್‌ನಿಂದ ವಾಯವ್ಯ ದಿಕ್ಕಿಗಿದೆ. ದಕ್ಷಿಣದ ರಾಜ್ಯಗಳನ್ನು ದೆಹಲಿಯಲ್ಲಿ ಕುಳಿತು ಹಿಡಿತದಲ್ಲಿಡುವುದು ಕಷ್ಟ, ನಡುವೆ ಇರುವ ಊರು ಬೇಕು ಎಂಬ ಲೆಕ್ಕದಲ್ಲಿ ತಪ್ಪಿರಲಿಲ್ಲ. ದಾರಿಯುದ್ದಕ್ಕೂ ಮರ ನೆಡಿಸಿದ್ದ, ತಂಗುದಾಣ ಮಾಡಿಸಿದ್ದ, ಹೋಗುವವರಿಗೆ ಹಣವನ್ನೂ ಕೊಟ್ಟಿದ್ದ.

ತಪ್ಪಿದ್ದು ಪ್ರಮಾಣದಲ್ಲಿ. ಕಚೇರಿ, ಸೈನ್ಯ, ಖಜಾನೆ ಸಾಗಿಸಿದರೆ ಆಗುತ್ತಿತ್ತು. ದೆಹಲಿಯ ಮನೆತನಗಳನ್ನೇ ಎಬ್ಬಿಸಿದ. ಎರಡು ಊರಿನ ನಡುವೆ 1100 ಕಿ.ಮೀ.ಗೂ ಹೆಚ್ಚಿನ ದಾರಿ. ನಲವತ್ತು ದಿನದ ಪ್ರಯಾಣ ಎಂದು ಇಬ್ನ್ ಬತೂತಾ ಕೊಟ್ಟ ಲೆಕ್ಕ. ಭಾಗಿಸಿ ನೋಡಿ: ದಿನಕ್ಕೆ 28 ಕಿ.ಮೀ. ಮುದುಕರು, ಕೂಸುಗಳು, ಎತ್ತಿನ ಗಾಡಿ, ಸಾಮಾನು ಎಲ್ಲ ಕಟ್ಟಿಕೊಂಡು ಒಂದು ದಿನವೂ ನಿಲ್ಲದೆ ನಡೆದರೆ ಮಾತ್ರ ಆ ಲೆಕ್ಕ. ಕವಿ ಇಸಾಮಿಯ ತೊಂಬತ್ತು ವರ್ಷದ ಅಜ್ಜ ಮೊದಲ ತಂಗುದಾಣ ತಿಲ್ಪತ್‌ನಲ್ಲೇ ಪ್ರಾಣ ಬಿಟ್ಟ. ಮುಂದೆ ಕೆಲವು ವರ್ಷಗಳಲ್ಲಿ ಸುಲ್ತಾನನೇ ಜನರಿಗೆ ವಾಪಸು ಹೋಗಲು ಅನುಮತಿ ಕೊಟ್ಟ. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಮನೆ ಮುರಿಯಿತು.

ಹುಕುಂ ಮಾತ್ರ ಗಾಳಿಯಂತೆ ಓಡುತ್ತಿತ್ತು. ಮೈಲಿಯೊಂದಕ್ಕೆ ಮೂರರಂತೆ ಓಲೆಕಾರರ ಠಾಣೆಗಳಿದ್ದವು. ಓಡುವವನ ಕೈಯಲ್ಲಿ ತಾಮ್ರದ ಗೆಜ್ಜೆ ಕಟ್ಟಿದ ಕೋಲು. ಗೆಜ್ಜೆ ಸದ್ದು ಕೇಳಿದೊಡನೆ ಮುಂದಿನ ಠಾಣೆಯವನು ಸೊಂಟ ಕಟ್ಟಿ ನಿಲ್ಲುತ್ತಿದ್ದ. ಸಿಂಧ್‌ನಿಂದ ದೆಹಲಿಗೆ ಐವತ್ತು ದಿನದ ದಾರಿಯನ್ನು ಪತ್ರ ಐದು ದಿನದಲ್ಲಿ ದಾಟುತ್ತಿತ್ತಂತೆ. ಐದು ದಿನದಲ್ಲಿ ತಲುಪುವ ಮಾತು, ಐವತ್ತು ದಿನ ಬೇಕಾಗುವ ಬದುಕು: ಆ ದರ್ಬಾರಿನ ಬಹುತೇಕ ಅನಾಹುತ ಈ ಎರಡರ ಅಂತರದಲ್ಲೇ ಹುಟ್ಟಿದ್ದು.

ಹೀಗೆ ಎಬ್ಬಿಸಿದವರಲ್ಲಿ 1321ರಲ್ಲಿ ಹುಟ್ಟಿದ ಒಂದು ಕೂಸೂ ಇತ್ತು. ತಂದೆಯ ಜೊತೆ ದೌಲತಾಬಾದಿಗೆ ಬಂದು, ತಂದೆ ಅಲ್ಲೇ ತೀರಿಕೊಂಡು ಖುಲ್ದಾಬಾದಿನಲ್ಲಿ ಮಣ್ಣಾದ ಮೇಲೆ ದೆಹಲಿಗೆ ಮರಳಿ, 1398ರಲ್ಲಿ ತೈಮೂರನ ದಾಳಿಯ ಹೊತ್ತಿಗೆ ಮತ್ತೆ ದಕ್ಷಿಣದ ದಾರಿ ಹಿಡಿದು, ಸುಮಾರು 1400ರಲ್ಲಿ ಕಲಬುರಗಿಗೆ ಬಂದ ಅವರು ಖ್ವಾಜಾ ಬಂದೇ ನವಾಜ್ ಗೇಸುದರಾಜ್. 1422ರಲ್ಲಿ ಇಲ್ಲಿಯೇ ತೀರಿಕೊಂಡರು. ಉರುಸಿಗೆ ಸಾವಿರಾರು ಜನ ಸೇರುವ ದರ್ಗಾದ ಹಿಂದೆ ತುಘಲಕನ ಆ ಹುಕುಮಿನ ನೆರಳೂ ಇದೆ.

ಸಗರದಿಂದ ಕಲಬುರಗಿಗೆ: ಹೆದರಿಕೆಯ ಲೆಕ್ಕ

ಯಾದಗಿರಿ ಜಿಲ್ಲೆ ಶಹಾಪುರ ತಾಲೂಕಿನ ಸಗರ ಈಗ ಒಂದು ದೊಡ್ಡ ಹಳ್ಳಿ. 1326–27ರಲ್ಲಿ ಅಲ್ಲಿ ಬಹಾವುದ್ದೀನ್ ಗುರ್‌ಶಾಸ್ಪ್ ಎಂಬ ಸುಬೇದಾರನಿದ್ದ. ಸುಲ್ತಾನನ ಸ್ವಂತ ಸೋದರತ್ತೆಯ ಮಗ. ಅವನು ದಂಗೆ ಎದ್ದು, ಸೋತು, ಕಂಪಿಲಿ ಅರಸನ ಆಶ್ರಯಕ್ಕೆ ಓಡಿದ. ಬೆನ್ನು ಹತ್ತಿದ ದಂಡು ಕಂಪಿಲಿಯನ್ನೇ ಅಳಿಸಿಹಾಕಿತು. ಗಂಡುಗಲಿ ಕುಮಾರರಾಮನ ಕಥೆ ಕೇಳಿದವರಿಗೆ ಈ ಯುದ್ಧ ಇನ್ನೊಂದು ದಿಕ್ಕಿನಿಂದ ಗೊತ್ತು. ಗುರ್‌ಶಾಸ್ಪ್ ಅಲ್ಲಿಂದ ಹೊಯ್ಸಳ ಮುಮ್ಮಡಿ ಬಲ್ಲಾಳನ ಬಳಿಗೆ ಹೋದ; ಬಲ್ಲಾಳ ಹಿಡಿದುಕೊಟ್ಟ. ಜೀವಂತ ಚರ್ಮ ಸುಲಿಸಿದರು ಎಂದು ಇಬ್ನ್ ಬತೂತಾ ಬರೆಯುತ್ತಾನೆ.

ಮುಂದಿನದು ಬೀದರ್. ನುಸ್ರತ್ ಖಾನ್ ಎಂಬವನು ಬೀದರ್ ಸೀಮೆಯ ಕಂದಾಯವನ್ನು ಮೂರು ವರ್ಷಕ್ಕೆ ಒಂದು ಕೋಟಿ ಟಂಕಕ್ಕೆ ಗುತ್ತಿಗೆ ಹಿಡಿದ. ವಸೂಲಿ ಅದರ ಹತ್ತಿರಕ್ಕೂ ಬರಲಿಲ್ಲ. ಬಾಕಿ ಉಳಿಸಿಕೊಂಡವನಿಗೆ ಏನು ಕಾದಿದೆಯೋ ತಿಳಿಯದೆ ಅವನು ಕೋಟೆ ಬಾಗಿಲು ಹಾಕಿ ಬಂಡೆದ್ದ. 1339ರ ಹೊತ್ತಿಗೆ ಕಂದಾಯ ತರಲು ಕಲಬುರಗಿಗೆ ಕಳಿಸಿದ ಅಲಿ ಷಾ ಎಂಬವನು ಅಲ್ಲಿನ ಅಧಿಕಾರಿಯನ್ನು ಕೊಂದು ಬೀದರ್‌ನ್ನು ಹಿಡಿದ. ಎರಡನ್ನೂ ದೌಲತಾಬಾದಿನ ಸುಬೇದಾರ ಕುತ್ಲುಗ್ ಖಾನ್ ಹದಕ್ಕೆ ತಂದ. ಜನ ನಂಬುತ್ತಿದ್ದ ಒಬ್ಬನೇ ಅಧಿಕಾರಿ ಅವನು. ಸುಲ್ತಾನ ಅವನನ್ನೂ ಹಿಂದಕ್ಕೆ ಕರೆಸಿಕೊಂಡ.

ಕೊನೆಯ ಪೆಟ್ಟು ಹೇಗೆ ಬಿತ್ತು ಎಂಬುದನ್ನು ಹೆಜ್ಜೆ ಹೆಜ್ಜೆಯಾಗಿ ನೋಡಬೇಕು. ದಕ್ಷಿಣದ ಹಳ್ಳಿಗಳ ಕಂದಾಯ ಮತ್ತು ದಂಡು ನೋಡಿಕೊಳ್ಳುತ್ತಿದ್ದವರು "ಅಮೀರಾನ್-ಎ-ಸದಾ", ಅಂದರೆ ನೂರರ ಸರದಾರರು. ಮಾಳವದ ಧಾರ್‌ನಲ್ಲಿ ಹೊಸ ಸುಬೇದಾರ ಇಂಥ ಎಂಬತ್ತಕ್ಕೂ ಹೆಚ್ಚು ಸರದಾರರನ್ನು ಹಿಡಿದು ಕೊಲ್ಲಿಸಿದ. ಸುಲ್ತಾನನಿಂದ ಅವನಿಗೆ ಶಿಕ್ಷೆಯ ಬದಲು ಗೌರವದ ಉಡುಗೆ ಬಂತು. ಸುದ್ದಿ ಹಬ್ಬಿತು. ಅಷ್ಟರಲ್ಲಿ ರಾಯಚೂರು, ಮುದಗಲ್ಲು, ಕಲಬುರಗಿ, ಬೀದರ್ ಕಡೆಯ ಸರದಾರರಿಗೆ ಕರೆ ಬಂತು: ದೌಲತಾಬಾದಿನಿಂದ ಹೊರಟು ಗುಜರಾತಿನಲ್ಲಿರುವ ಸುಲ್ತಾನನನ್ನು ಕಾಣಬೇಕು. ಸನ್ಮಾನಕ್ಕೋ, ಯುದ್ಧಕ್ಕೋ, ತಲೆ ಕೊಡುವುದಕ್ಕೋ? ಒಂದೇ ಕರೆಗೆ ಮೂರು ಅರ್ಥ, ಮೂರಕ್ಕೂ ಹಿಂದಿನ ಉದಾಹರಣೆಗಳಿದ್ದವು. ಕಾವಲಿನ ಸವಾರರ ಜೊತೆ ಹೊರಟವರು ದಾರಿಯ ಘಟ್ಟದಲ್ಲಿ ಮೇಲಾಳುಗಳನ್ನು ಕೊಂದು ಹಿಂದಿರುಗಿ, ದೌಲತಾಬಾದ್ ಕೋಟೆಯನ್ನೇ ವಶ ಮಾಡಿಕೊಂಡರು. ಅವರಲ್ಲೊಬ್ಬನಾದ ಹಸನ್ 1347ರ ಆಗಸ್ಟ್ 3ರಂದು ಅಲಾವುದ್ದೀನ್ ಬಹಮನ್ ಷಾ ಎಂದು ಪಟ್ಟಕ್ಕೇರಿ, ರಾಜಧಾನಿಯನ್ನು ಕಲಬುರಗಿಗೆ ತಂದ. ಕಲಬುರಗಿ ರಾಜಧಾನಿಯಾದದ್ದರ ಹಿಂದೆ ಒಂದು ಕರೆಯೋಲೆಯ ಅರ್ಥ ತಿಳಿಯದ ಹೆದರಿಕೆ ಕೆಲಸ ಮಾಡಿತ್ತು.

ಸುಲ್ತಾನನ ಕುರಿತು ಕಟುವಾಗಿ ಬರೆದವರಲ್ಲಿ ಮುಂದಿನ ಸಾಲಿನವನು ಇಸಾಮಿ, ಅದೇ ತಿಲ್ಪತ್‌ನಲ್ಲಿ ಅಜ್ಜನನ್ನು ಕಳೆದುಕೊಂಡವನು. ಅವನು ಪಾರಸಿಯಲ್ಲಿ ಪದ್ಯರೂಪದ ಇತಿಹಾಸ ಮುಗಿಸಿದ್ದು 1350ರಲ್ಲಿ, ಈ ಬಹಮನಿ ಸುಲ್ತಾನನ ಆಶ್ರಯದಲ್ಲಿ. ಹೊಸ ದೊರೆಯ ಅನ್ನ ಉಂಡು ಹಳೆಯ ದೊರೆಯ ಬಗ್ಗೆ ಬರೆದದ್ದು ಎಂಬುದನ್ನು ಓದುವಾಗ ಮನಸ್ಸಿನಲ್ಲಿಡಬೇಕು. ಎರಡು ಶತಮಾನ ಕಳೆದ ಮೇಲೂ ಬದಾಯೂನಿ ಎಂಬ ಮೊಗಲ್ ಕಾಲದ ಬರಹಗಾರ, ಸುಲ್ತಾನ ಸತ್ತದ್ದನ್ನು ಹೇಳುವಾಗ, ಜನರಿಂದ ಅವನಿಗೂ ಅವನಿಂದ ಜನರಿಗೂ ಬಿಡುಗಡೆಯಾಯಿತು ಎಂದು ಕುಟುಕಿದ. ಕನ್ನಡದಲ್ಲಿ ಪದಕ್ಕೆ ಹೊಸ ಜೀವ ಬಂದದ್ದು ಗಿರೀಶ ಕಾರ್ನಾಡರು 1964ರಲ್ಲಿ ಇದೇ ಹೆಸರಿನ ನಾಟಕ ಬರೆದ ಮೇಲೆ.

ಹುಕಿ, ಲಹರಿ, ಮರ್ಜಿ: ಯಾವುದು ಎಲ್ಲಿಗೆ

ನಮ್ಮ ಭಾಷೆಯಲ್ಲಿ ನೆಚ್ಚಲಾಗದ ನಡೆಗೆ ಪದಗಳ ಬಡತನವಿಲ್ಲ. ಒಂದರ ಜಾಗದಲ್ಲಿ ಇನ್ನೊಂದು ಹಾಕಿದರೆ ಮಾತ್ರ ಅರ್ಥ ಕೆಡುತ್ತದೆ.

ಹುಕಿ ಗಳಿಗೆಯದು. "ಹುಕಿ ಬಂತಂದ್ರ ರಾತ್ರಿ ಹನ್ನೆರಡಕ್ಕ ಗಾಣಗಾಪುರಕ್ಕ ಹೊಂಟಬಿಡ್ತಾನ" ಎನ್ನುವಾಗ ಬೈಗುಳವಿಲ್ಲ, ಸಲಿಗೆಯಿದೆ. ಹುಕಿಯಿಂದ ಆಗುವ ಕಷ್ಟ ಹುಕಿ ಬಂದವನಿಗೇ ಹೆಚ್ಚು.

ಲಹರಿ ಸಂಸ್ಕೃತದಲ್ಲಿ ಅಲೆ. ಏರುತ್ತದೆ, ಇಳಿಯುತ್ತದೆ. ಹಾಡುವವರಿಗೆ, ಬರೆಯುವವರಿಗೆ ಇದು ಮೆಚ್ಚುಗೆಯ ಪದವೂ ಹೌದು. ಆದರೆ "ಅಂವ ಭಾಳ ಲಹರಿ ಮನಷ್ಯಾ" ಎಂದರೆ ಅವನ ಮಾತಿನ ಮೇಲೆ ಲಗ್ನದ ತಾರೀಖು ಇಡಬೇಡಿ ಎಂಬ ಸೂಚನೆ.

ಮರ್ಜಿ ಅರಬ್ಬಿ ಮೂಲದ್ದು. ಒಪ್ಪಿಗೆ, ಇಚ್ಛೆ ಎಂಬ ಅರ್ಥ. ನಿಜಾಮರ ಆಡಳಿತ 1948ರ ಸೆಪ್ಟೆಂಬರ್ 17ರವರೆಗೆ ಇದ್ದ ಸೀಮೆಯಲ್ಲಿ ಕಚೇರಿಯ ಉರ್ದುವಿನಿಂದ ಫೈಸಲಾ, ಮುದ್ದತ್ತು, ಹುಕುಂ ಜೊತೆಗೆ ಇದೂ ಮನೆಮಾತಾಯಿತು. "ಸಾಹೇಬರ ಮರ್ಜಿ ಕಾಯೋದು" ಎಂದಾಗ ಅಧಿಕಾರ ಇದೆ, ಆದರೆ ಬದಲಾವಣೆ ಇರಲೇಬೇಕೆಂದಿಲ್ಲ. ಮರ್ಜಿ ವರ್ಷಗಟ್ಟಲೆ ಒಂದೇ ತೆರನಾಗಿ ಇರಬಹುದು.

ಚಂಚಲ ಮನಸ್ಸಿಗೆ ಹೇಳುವ ಪದ. ಕಲ್ಯಾಣದಲ್ಲಿದ್ದ ಬಸವಣ್ಣನವರು ತಮ್ಮ ಮನಸ್ಸನ್ನು ಕೊಂಬೆಯಿಂದ ಕೊಂಬೆಗೆ ನೆಗೆಯುವ ಕೋತಿಗೆ ಹೋಲಿಸಿದ್ದು ಇದನ್ನೇ. ಊಸರವಳ್ಳಿ ಇದಕ್ಕೆ ತೀರಾ ಬೇರೆ: ಅದು ಬಣ್ಣ ಬದಲಿಸುವುದು ಲಾಭ ನೋಡಿ. ಲಾಭ ಯಾವ ಕಡೆ ಇದೆ ಎಂದು ಗೊತ್ತಾದರೆ ಅದರ ಮುಂದಿನ ಬಣ್ಣವನ್ನು ಮೊದಲೇ ಹೇಳಬಹುದು. ಅಂದಾಜು ಸಿಗುವ ವಂಚನೆ ಅದು.

ಹುಚ್ಚು, ತಿಕ್ಕಲು, ಹುಚ್ಚಪ್ಯಾಲಿ ಎಂಬವು ಈ ಗುಂಪಿಗೆ ಸೇರಬಾರದು. ಮಾನಸಿಕ ಕಾಯಿಲೆ ಬೇರೆ, ಹುಕುಮಿನ ಚಾಳಿ ಬೇರೆ; ಒಂದನ್ನು ಇನ್ನೊಂದಕ್ಕೆ ಬೈಗುಳ ಮಾಡಿದರೆ ಕಾಯಿಲೆಯವರಿಗೆ ಅನ್ಯಾಯ, ಹುಕುಂ ಮಾಡಿದವರಿಗೆ ವಿನಾಯಿತಿ.

ಇವೆಲ್ಲದರಿಂದ ತುಘಲಕ್ ಬೇರೆಯಾಗುವುದು ಒಂದೇ ಕಾರಣಕ್ಕೆ: ಅದಕ್ಕೆ ಹುಕುಂ ಮಾಡುವವನೂ ಹುಕುಂ ಪಾಲಿಸಬೇಕಾದವರೂ ಬೇಕು. ಹಾಗಾಗಿ "ಈ ವರ್ಷ ಮಳಿ ತುಘಲಕ್ ಆಗ್ಯದ" ಎಂಬುದು ತಪ್ಪು ಬಳಕೆ. ಮಳೆಗೆ ಲಹರಿಯೇ ಸರಿ. ಮೂರು ಸಲ ಕೆಲಸ ಬದಲಿಸಿದ ಹುಡುಗನೂ ತುಘಲಕ್ ಅಲ್ಲ. ಮನೆಯ ಹಿರಿಯರು ದಿನಕ್ಕೊಂದು ನಿಯಮ ಮಾಡಿ ಸೊಸೆಯಂದಿರನ್ನು ದಂಡಿಸಿದರೆ, ಅದು ಚಿಕ್ಕ ಪ್ರಮಾಣದ ತುಘಲಕ್ ದರ್ಬಾರೇ.

ಬದಲಾವಣೆಯೆಲ್ಲ ತುಘಲಕ್ ಅಲ್ಲ

ಬಿಸಿಲು ಏರಿದಾಗ ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ಸಮಯ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಗುತ್ತದೆ. ಕೆಲವರಿಗೆ ಅನಾನುಕೂಲ ಇದೆ. ಆದರೂ ಅದನ್ನು ಯಾರೂ ಈ ಪದದಿಂದ ಕರೆಯುವುದಿಲ್ಲ, ಏಕೆಂದರೆ ಕಾರಣ ಕಣ್ಣಿಗೆ ಕಾಣುತ್ತದೆ, ಬರುವ ಕಾಲ ಗೊತ್ತಿದೆ, ಮುಗಿಯುವ ಕಾಲವೂ ಗೊತ್ತಿದೆ.

ಇನ್ನೊಂದು ಉದಾಹರಣೆ ರಾಜಧಾನಿಯದೇ. 1422ರಲ್ಲಿ ಪಟ್ಟಕ್ಕೆ ಬಂದ ಬಹಮನಿ ಸುಲ್ತಾನ ಅಹ್ಮದ್ ಷಾ ವಲಿ ಕೆಲವು ವರ್ಷಗಳಲ್ಲಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರ್‌ಗೆ ಒಯ್ದ. ದಾರಿ ಸುಮಾರು 110 ಕಿ.ಮೀ.; ಮೇಲೆ ಹಾಕಿದ ದಿನಕ್ಕೆ 28 ಕಿ.ಮೀ. ಲೆಕ್ಕದಲ್ಲೇ ನಾಲ್ಕು ದಿನ. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದ್ದರೆ ಬೀದರ್ ಸುಮಾರು 700 ಮೀಟರ್ ಎತ್ತರದ ಕೆಮ್ಮಣ್ಣಿನ ಪ್ರಸ್ಥಭೂಮಿಯ ಅಂಚಿನಲ್ಲಿದೆ. ಗಾಳಿ ತಂಪು, ನೀರು ಒಳ್ಳೆಯದು, ಅಂಚಿನ ಕಡಿದಾದ ಇಳಿಜಾರೇ ಕೋಟೆಗೆ ಕಾವಲು. ಅಲ್ಲಿದ್ದ ಹಳೆಯ ಕೋಟೆಯನ್ನು ಹೊಸದಾಗಿ ಕಟ್ಟಿಸಿದ. ಕಲಬುರಗಿಯನ್ನು ಖಾಲಿ ಮಾಡಿಸಲಿಲ್ಲ. ಹಿಂದಕ್ಕೂ ಬರಲಿಲ್ಲ. ರಾಜಧಾನಿ ಬದಲಿಸಿದ್ದು ಇಬ್ಬರೂ. ಗಾದೆಯಾದದ್ದು ಒಬ್ಬನ ಹೆಸರು ಮಾತ್ರ.

ಬರೆಯುವಾಗ

ಮೂಲ ಹೆಸರು ತುರ್ಕಿ ಭಾಷೆಯದು, ಉಚ್ಚಾರ ಹೆಚ್ಚುಕಡಿಮೆ "ತುಘ್ಲುಕ್". ನಡುವಿನ ಧ್ವನಿ ಗಂಟಲಿನಿಂದ ಬರುವ, ಅರಬ್ಬಿ ಲಿಪಿಯ ಘೈನ್. ಕನ್ನಡದಲ್ಲಿ ಅದಕ್ಕೆ ಅಕ್ಷರವಿಲ್ಲದ್ದರಿಂದ ಘ ಬರೆಯುತ್ತೇವೆ. ಕೊನೆಯದು ಕಾಫ್ ಅಕ್ಷರ, ಅದಕ್ಕೆ ಕ್ ಸಾಕು. "ತುಘಲಖ್" ಎಂದು ಎರಡು ಕಡೆ ಮಹಾಪ್ರಾಣ ಹಾಕುವುದು ಅತಿ ಶಿಸ್ತಿನಿಂದ ಹುಟ್ಟಿದ ತಪ್ಪು. ಕನ್ನಡ ಪತ್ರಿಕೆಗಳಲ್ಲಿ "ತುಘಲಕ್ ದರ್ಬಾರ್", ಉರ್ದು–ಹಿಂದಿ ಬೆರೆತ ಮಾತಿನಲ್ಲಿ "ತುಘಲಕಿ ಫರ್ಮಾನು". ಎರಡಕ್ಕೂ ಸೂಕ್ಷ್ಮ ವ್ಯತ್ಯಾಸವಿದೆ: ಫರ್ಮಾನು ಒಂದೇ ಒಂದು ಆದೇಶ, ದರ್ಬಾರು ಅಂಥ ಆದೇಶಗಳ ಸರಣಿ. ಒಂದು ಸುತ್ತೋಲೆಗೆ ದರ್ಬಾರು ಅನ್ನುವುದು ಹೆಚ್ಚಾಯಿತು.

ಅರ್ಜಿಯಲ್ಲಿ, ತಕರಾರಿನಲ್ಲಿ ಈ ಪದ ಬರೆಯಬಾರದು. ಅದು ಬಿಸಿ ಹುಟ್ಟಿಸುತ್ತದೆ, ಆಧಾರ ಆಗುವುದಿಲ್ಲ. ಕಾನೂನಿನ ಭಾಷೆಯಲ್ಲಿ ಇದಕ್ಕೆ ಹತ್ತಿರದ ಪದ "ಸ್ವೇಚ್ಛೆಯ ಕ್ರಮ" ಅಥವಾ "ಮನಸೋಇಚ್ಛೆಯ ಆದೇಶ". ಸ್ವೇಚ್ಛಾಚಾರವೂ ಸಮಾನತೆಯೂ ಪರಸ್ಪರ ವಿರೋಧಿ, ಆದ್ದರಿಂದ ಅಂಥ ಕ್ರಮ ಸಂವಿಧಾನದ 14ನೇ ವಿಧಿಗೆ ವಿರುದ್ಧ ಎಂದು ಸುಪ್ರೀಂ ಕೋರ್ಟ್ 1974ರ ರಾಯಪ್ಪ ಪ್ರಕರಣದಲ್ಲಿ ಹೇಳಿದೆ. ಸಂತೆಯನ್ನು ಎತ್ತಿಸಿದ ಆ ಹುಕುಂ ವಿರುದ್ಧ ಅರ್ಜಿ ಬರೆಯುವುದಾದರೆ ಹೀಗೆ ಬರೆಯಬೇಕು: ಮೊದಲ ಆದೇಶದ ಸಂಖ್ಯೆ ಮತ್ತು ದಿನಾಂಕ, ಎರಡನೆಯದರ ಸಂಖ್ಯೆ ಮತ್ತು ದಿನಾಂಕ, ನಡುವೆ ಎಷ್ಟು ದಿನ, ಮುನ್ಸೂಚನೆ ಕೊಟ್ಟಿದ್ದರೋ ಇಲ್ಲವೋ, ಕಾರಣ ಬರೆದಿದ್ದರೋ ಇಲ್ಲವೋ, ಹೊಸ ಜಾಗದಲ್ಲಿ ನೀರು–ನೆರಳು ಇತ್ತೋ ಇಲ್ಲವೋ, ವ್ಯಾಪಾರಿಗಳಿಗೆ ಆದ ನಷ್ಟ ರೂಪಾಯಿಯಲ್ಲಿ ಎಷ್ಟು. "ತುಘಲಕ್" ಎಂಬ ಪದವನ್ನು ಆ ಅರ್ಜಿ ಸಲ್ಲಿಸಿ ಹೊರಗೆ ಬಂದು ಚಹಾ ಕುಡಿಯುವಾಗ ಬಳಸಬಹುದು.